ತೀರ್ಪು ಓದಲು ದುಡ್ಡು ಬೇಡ: ಇಂಡಿಯನ್ ಕಾನೂನ್ ಹೇಗಿದೆ?

ಬೆಂಗಳೂರಿನ ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಅಫಿಡವಿಟ್, ವಕಾಲತ್ತು ಟೈಪ್ ಮಾಡಿ ಪ್ರಿಂಟ್ ಕೊಡುತ್ತೇನೆ. ಜೂನಿಯರ್ ವಕೀಲರು ಬೆಳಿಗ್ಗೆ ಓಡಿಬಂದು ಹೇಳುವುದು ಹೆಚ್ಚಾಗಿ ಇದೇ: ‘ಮೇಡಂ, ಇಂಡಿಯನ್ ಕಾನೂನ್‌ನಲ್ಲಿ ಈ ಜಡ್ಜ್‌ಮೆಂಟ್ ಇದೆ, ಬೇಗ ಪ್ರಿಂಟ್ ಹಾಕಿ.’ ಹಾಗೆ ಹಾಕುತ್ತಾ ಹಾಕುತ್ತಾ ನಾನೂ ಓದಲು ಶುರು ಮಾಡಿದೆ. ನಾನು ಬಿಕಾಂ ಓದಿದವಳು, ಕಾನೂನು ಓದಿದವಳಲ್ಲ. ಆದರೂ ಈ ವೆಬ್‌ಸೈಟ್ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ಯಾಕಂದ್ರೆ ಇದು ವಕೀಲರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ.

ಇದನ್ನು 2008ರ ಜನವರಿಯಲ್ಲಿ ಶುರು ಮಾಡಿದ್ದು ಸುಶಾಂತ್ ಸಿನ್ಹಾ. ಅವರು ವಕೀಲರಲ್ಲ, ಕಂಪ್ಯೂಟರ್ ಓದಿದವರು. ಸುಪ್ರೀಂ ಕೋರ್ಟ್, ಹೈಕೋರ್ಟ್‌ಗಳು, ಟ್ರಿಬ್ಯುನಲ್‌ಗಳ ತೀರ್ಪುಗಳು ಮತ್ತು ಕಾಯ್ದೆಗಳ ಒಂದೊಂದು ಸೆಕ್ಷನ್ನೂ ಇಲ್ಲಿ ಸಿಗುತ್ತದೆ. ಹೆಸರು, ಇಸವಿ, ಸೆಕ್ಷನ್ ನಂಬರ್ ಏನಾದರೂ ಸರಿ, ಹುಡುಕುವ ಜಾಗದಲ್ಲಿ ಹಾಕಿದರೆ ಸಾಕು. ಓದುವುದಕ್ಕೆ ಲಾಗಿನ್ ಬೇಡ, ದುಡ್ಡೂ ಬೇಡ. ಹಣ ಕೊಟ್ಟವರಿಗೆ ಕೆಲವು ಸೌಲಭ್ಯ ಜಾಸ್ತಿ ಇವೆ ಅಷ್ಟೇ. ತೀರ್ಪನ್ನು ಹೀಗೆ ಹಂಚಲು ಕಾನೂನಿನ ಅಡ್ಡಿಯೂ ಇಲ್ಲ. ಕೋರ್ಟೇ ಬೇಡ ಅಂದಿದ್ದರೆ ಹೊರತು, ತೀರ್ಪನ್ನು ಯಾರು ಬೇಕಾದರೂ ಪ್ರಕಟಿಸಬಹುದು ಅಂತ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ಇದೆ.

ನನಗೆ ತುಂಬಾ ಇಷ್ಟವಾಗುವುದು ತೀರ್ಪಿನ ಮೇಲ್ಗಡೆ ಕಾಣುವ ಎರಡು ಲಿಂಕ್. ಈ ತೀರ್ಪು ಯಾವ ಹಳೆಯ ತೀರ್ಪುಗಳನ್ನು ಎತ್ತಿಕೊಂಡಿದೆ ಅನ್ನುವುದು ಒಂದು. ಮುಂದೆ ಯಾವ ತೀರ್ಪುಗಳು ಇದನ್ನು ಎತ್ತಿಕೊಂಡವು ಅನ್ನುವುದು ಇನ್ನೊಂದು. ಎರಡನೆಯದನ್ನು ಒತ್ತಿ ನೋಡದೆ ಯಾವ ತೀರ್ಪನ್ನೂ ನಂಬಬೇಡಿ. ಮೇಲಿನ ಕೋರ್ಟ್ ಅದನ್ನು ಬದಿಗೆ ಸರಿಸಿರಬಹುದು. ಹಳೆಯ ಪುಟ ಮಾತ್ರ ಹಾಗೇ ಇರುತ್ತದೆ. ಯಾವುದು ಘಟನೆ, ಯಾವುದು ಅರ್ಜಿದಾರರ ವಾದ, ಯಾವುದು ಕೋರ್ಟಿನ ಕಾರಣ ಅಂತ ಪ್ಯಾರಾಗಳನ್ನು ಗುರುತಿಸುವ ಸೌಲಭ್ಯವೂ ಇದೆ. ನೂರಾರು ಪುಟದ ತೀರ್ಪಿನಲ್ಲಿ ಹೊಸಬರಿಗೆ ಅದು ದಾರಿ ತೋರಿಸುತ್ತದೆ.

ಇದರ ಉಪಯೋಗ ಕೋರ್ಟಿನಿಂದ ಹೊರಗೇ ಜಾಸ್ತಿ ಅನ್ನುವುದಕ್ಕೆ ನಮ್ಮ ಬಡಾವಣೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಕಾಲೇಜು ಹುಡುಗ ರಾಜಕಾಲುವೆಗೆ ಕಟ್ಟಡದ ಕಸ ಸುರಿದಿರುವ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ. ‘ಇದನ್ನು ಯಾರು ಕೇಳುತ್ತಾರೆ?’ ಅಂತ ಬರೆದಿದ್ದ, ಅಷ್ಟೇ. ಸ್ವಲ್ಪ ಹೊತ್ತಿಗೆ ಪ್ರಭಾವ ಇರುವ ಒಬ್ಬರಿಂದ ವಾಯ್ಸ್ ಮೆಸೇಜ್ ಬಂತು: ‘66ಎ ಹಾಕಿಸಿ ಒಳಗೆ ಕಳಿಸುತ್ತೇನೆ.’ ಹುಡುಗ ಫೋಟೋ ಅಳಿಸಿದ. ಅವನ ತಾಯಿ ಮಾರನೇ ದಿನ ಅಂಗಡಿಗೆ ಬಂದು, ‘ನಿಜವಾಗ್ಲೂ ಜೈಲಿಗೆ ಹಾಕ್ತಾರಾ?’ ಅಂತ ಕೇಳಿದರು. ಅವರ ಕೈ ನಡುಗುತ್ತಿತ್ತು.

ಅವರ ಮುಂದೆಯೇ ಶ್ರೇಯಾ ಸಿಂಘಾಲ್ ತೀರ್ಪು ತೆಗೆದೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನೇ, ಅಂದರೆ ಇಂಟರ್ನೆಟ್‌ನಲ್ಲಿ ಇನ್ನೊಬ್ಬರಿಗೆ ಕಿರಿಕಿರಿಯಾಗುವಂಥದ್ದು ಹಾಕಿದರೂ ಜೈಲು ಅನ್ನುತ್ತಿದ್ದ ಸೆಕ್ಷನ್ನನ್ನೇ, ರದ್ದು ಮಾಡಿತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಬಂದ ಒಂದು ಫೇಸ್‌ಬುಕ್ ಪೋಸ್ಟಿಗೆ ಇಬ್ಬರು ಯುವತಿಯರನ್ನು ಬಂಧಿಸಿದ್ದರು. ಆ ಪ್ರಕರಣದ ನಂತರ ಶ್ರೇಯಾ ಸಿಂಘಾಲ್ ಅನ್ನುವವರು ಕೋರ್ಟಿಗೆ ಹಾಕಿದ ಅರ್ಜಿ ಇದು. ತೀರ್ಪಿನ 13ನೇ ಪ್ಯಾರಾ ಓದಿ ಅರ್ಥ ಹೇಳಿದೆ: ಚರ್ಚೆ ಮಾಡುವುದು, ಒಂದು ಪಕ್ಷ ಹಿಡಿದು ಮಾತಾಡುವುದು ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತದೆ. ಮಾತು ಪ್ರಚೋದನೆಯ ಮಟ್ಟಕ್ಕೆ ಹೋದಾಗ ಮಾತ್ರ ಕಾನೂನು ಕೈ ಹಾಕಬಹುದು. ಆ ಪ್ಯಾರಾವನ್ನೇ ಗ್ರೂಪಿಗೆ ಹಾಕಿದೆ. ಹುಡುಗ ಫೋಟೋ ಮತ್ತೆ ಹಾಕಿದ. ‘ಕಂಡದ್ದನ್ನು ಮಾತ್ರ ಬರಿ, ಗೊತ್ತಿಲ್ಲದೆ ಯಾರ ಹೆಸರನ್ನೂ ಎಳೆಯಬೇಡ’ ಅಂತ ಅವನಿಗೂ ಹೇಳಿದೆ, ಮಾನನಷ್ಟದ ಸೆಕ್ಷನ್ ಇನ್ನೂ ಇದೆಯಲ್ವಾ.

ಸತ್ತ ಸೆಕ್ಷನ್ ಹೆಸರಿನಲ್ಲಿ ಜನರನ್ನು ಹೆದರಿಸುವುದು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ರದ್ದಾದ ಮೇಲೂ ಪೊಲೀಸರು 66ಎ ಅಡಿ ಕೇಸು ಹಾಕುತ್ತಿದ್ದರು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಕೊಟ್ಟು, ಯಾರನ್ನೂ ಇದರಡಿ ವಿಚಾರಣೆಗೆ ಗುರಿ ಮಾಡಬಾರದು ಅಂತ ಹೇಳಬೇಕಾಯಿತು. ಗ್ರೂಪ್ ಅಡ್ಮಿನ್‌ಗಳ ಹೆದರಿಕೆಗೂ ಇಲ್ಲಿ ಉತ್ತರ ಇದೆ. ಬೇರೆಯವರು ಹಾಕಿದ ಮೆಸೇಜಿಗೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆಯಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ನಮ್ಮ ಕೋರ್ಟುಗಳು ಅವನ್ನು ಒಪ್ಪಲೇಬೇಕು ಅಂತಿಲ್ಲ. ಆದರೆ ವಾದಕ್ಕೆ ಬಲ ಬರುತ್ತದೆ.

ಟಿವಿಯಲ್ಲಿ ಅರ್ಧ ಕೇಳಿದ್ದನ್ನು ಪೂರ್ತಿ ಓದಲೂ ಇದು ಒಳ್ಳೆಯದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ 9 ನ್ಯಾಯಮೂರ್ತಿಗಳು ಹೇಳಿದ ಕೇಸಿನಲ್ಲಿ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಡೀ ತೀರ್ಪು ಓದುವುದು ಕಷ್ಟ, ಕೊನೆಯ ಆದೇಶದ ಭಾಗವನ್ನಾದರೂ ಓದಿ. ಕೇಂದ್ರ ಸರ್ಕಾರ ಪೋಸ್ಟ್ ಮತ್ತು ಖಾತೆಗಳನ್ನು ತಡೆಯಲು ಹೇಳಿದ್ದನ್ನು ಟ್ವಿಟರ್ ಪ್ರಶ್ನಿಸಿದ್ದು, 2023ರ ಜೂನ್‌ನಲ್ಲಿ ಆ ಅರ್ಜಿ ವಜಾ ಆಗಿ 50 ಲಕ್ಷ ರೂಪಾಯಿ ದಂಡ ಬಿದ್ದದ್ದು ಇಲ್ಲೇ, ನಮ್ಮ ಹೈಕೋರ್ಟಿನಲ್ಲಿ. ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆ ಇಲ್ಲ. ಪೋಸ್ಟ್ ತೆಗೆಸಿದರೆ ಬರೆದವನಿಗೆ ಕಾರಣ ತಿಳಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಸರ್ಕಾರದ ವಾದ ಏನಿತ್ತು ಅಂತ ಓದಿದ ಮೇಲೆ ಹೇಳುತ್ತಿದ್ದೇನೆ, ಸುಮ್ನೆ ಅಲ್ಲ.

ಈಗ ಇನ್ನೊಂದು ಕೆಲಸಕ್ಕೂ ಇದು ಬೇಕೇ ಬೇಕು. ಕೆಲವರು ಚಾಟ್‌ಬಾಟ್ ಕೊಟ್ಟ ಸೈಟೇಶನ್, ಅಂದರೆ ಹಳೆಯ ತೀರ್ಪಿನ ಉಲ್ಲೇಖ, ಹಿಡಿದುಕೊಂಡು ಬರುತ್ತಾರೆ. ಹೆಸರು, ಇಸವಿ, ಪುಟ ಎಲ್ಲವೂ ಇರುತ್ತದೆ, ತೀರ್ಪು ಮಾತ್ರ ಇರುವುದಿಲ್ಲ. ಟೈಪ್ ಮಾಡುವ ಮೊದಲು ನಾನು ಹುಡುಕಿ ನೋಡುತ್ತೇನೆ. ಸಿಗದಿದ್ದರೆ, ‘ಸರ್, ಇದನ್ನು ಇನ್ನೊಮ್ಮೆ ನೋಡಿ’ ಅಂತ ವಾಪಸ್ ಕೊಡುತ್ತೇನೆ. ಒಬ್ಬ ಜೂನಿಯರ್ ಬೇಜಾರು ಮಾಡಿಕೊಂಡ, ಪರವಾಗಿಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಒಂದು ಆದೇಶದಲ್ಲಿ ಇಲ್ಲದೇ ಇರುವ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿವೆ ಅಂತ ಗಂಭೀರವಾಗಿ ತೆಗೆದುಕೊಂಡಿತು. ಯಾರದೋ ಮನೆ, ಯಾರದೋ ಜೀವನ ಆ ಕಾಗದದ ಮೇಲೆ ನಿಂತಿರುತ್ತದೆ. ಒಂದು ನಿಮಿಷ ಹುಡುಕುವುದಕ್ಕೆ ಸೋಮಾರಿತನ ಮಾಡಬಾರದು.

ತೀರ್ಪು ಎಲ್ಲರಿಗೂ ಸಿಗುವುದರಲ್ಲಿ ಒಂದು ನೋವೂ ಇದೆ. ಕೇಸಿನಲ್ಲಿ ಖುಲಾಸೆಯಾದ ಒಬ್ಬ ಹುಡುಗ ನನ್ನ ಅಂಗಡಿಗೆ ಬರುತ್ತಿದ್ದ. ಕೆಲಸ ಕೊಡುವವರು ಇಂಟರ್ನೆಟ್‌ನಲ್ಲಿ ಅವನ ಹೆಸರು ಹುಡುಕಿ, ಆರೋಪ ನೋಡಿ, ಖುಲಾಸೆ ಆಗಿದ್ದನ್ನು ಓದದೆ ಬಿಟ್ಟರು. ಇಂಥ ಅರ್ಜಿಗಳು ಕೋರ್ಟಿಗೂ ಹೋಗಿವೆ. 2017ರಲ್ಲಿ ನಮ್ಮ ಹೈಕೋರ್ಟ್, ಒಬ್ಬ ತಂದೆಯ ಮನವಿಯ ಮೇಲೆ, ಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ, ಅಂದರೆ ತನ್ನ ಕಚೇರಿಗೆ, ಹೇಳಿತು. 2024ರಲ್ಲಿ ಮದ್ರಾಸ್ ಹೈಕೋರ್ಟ್, ಖುಲಾಸೆಯಾದವರೊಬ್ಬರ ತೀರ್ಪನ್ನು ತೆಗೆಯುವಂತೆ ಇಂಡಿಯನ್ ಕಾನೂನ್‌ಗೇ ಹೇಳಿದಾಗ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹೆಸರು ಮರೆಮಾಡಲಿ, ತೀರ್ಪು ಇರಲಿ ಅನ್ನುವ ಕಡೆ ನಾನು. ಖುಲಾಸೆ ಯಾಕಾಯಿತು ಅಂತ ಮುಂದೆ ಅದೇ ಸಂಕಟದಲ್ಲಿ ಸಿಕ್ಕಿಬಿದ್ದವರು ಓದಬೇಕಲ್ವಾ? ಪೂರ್ತಿ ತೆಗೆದುಬಿಟ್ಟರೆ ಅವರಿಗೆ ಏನು ಉಳಿಯುತ್ತದೆ?

ಭಾಷೆ ಇನ್ನೊಂದು ಅಡ್ಡಿ, ಅದು ಈ ಸೈಟಿನ ತಪ್ಪಲ್ಲ. ಹೈಕೋರ್ಟಿನ ತೀರ್ಪು ಬರುವುದೇ ಇಂಗ್ಲಿಷಿನಲ್ಲಿ. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಾಗ ಅದು ದೊಡ್ಡ ಸುದ್ದಿಯಾಯಿತು. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದ ಅದರ ಸ್ವಂತ ಜಾಲತಾಣದಲ್ಲಿ ಸಿಗುತ್ತದೆ, ಮೊದಲು ಅಲ್ಲಿ ನೋಡಿ.

ಬಳಸುವ ಮುಂಚೆ ಇಷ್ಟು ಗೊತ್ತಿರಲಿ. ಇಲ್ಲಿಂದ ತೆಗೆದ ಪ್ರಿಂಟ್ ಸರ್ಟಿಫೈಡ್ ಕಾಪಿ ಅಲ್ಲ, ಅದನ್ನು ಕೋರ್ಟಿನಿಂದಲೇ ಪಡೆಯಬೇಕು. ನಿಮ್ಮ ಕೇಸಿನ ಮುಂದಿನ ತಾರೀಖು ನೋಡಲು ಇಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಬೇರೆಬೇರೆಯಾಗಿ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿ. ಇನ್ನು 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಮಾನನಷ್ಟ 499, 500 ಆಗಿತ್ತು, ಈಗ 356. ಹಳೆಯ ತೀರ್ಪುಗಳು ಹಳೆಯ ನಂಬರಿನಲ್ಲೇ ಇವೆ, ಆದ್ದರಿಂದ ಎರಡನ್ನೂ ಹಾಕಿ ಹುಡುಕಿ.