ಬಿಷಪ್–ಲೋವೆಲ್ ಪತ್ರಗಳು: ಮೂವತ್ತು ವರ್ಷಗಳ ಸ್ನೇಹದ ಸಂಪುಟ

ಅಮೆರಿಕದ ಕವಿಗಳಾದ ಎಲಿಜಬೆತ್ ಬಿಷಪ್ ಮತ್ತು ರಾಬರ್ಟ್ ಲೋವೆಲ್ 1947ರಿಂದ 1977ರವರೆಗೆ ಪರಸ್ಪರ ಬರೆದುಕೊಂಡ 459 ಪತ್ರಗಳನ್ನು ಥಾಮಸ್ ಟ್ರಾವಿಸಾನೊ ಅವರು ಸಾಸ್ಕಿಯಾ ಹ್ಯಾಮಿಲ್ಟನ್ ಅವರ ನೆರವಿನಿಂದ ಸಂಪಾದಿಸಿದ್ದಾರೆ. 2008ರಲ್ಲಿ ಹೊರಬಂದ ಆ ಸಂಪುಟದ ಹೆಸರು ‘ವರ್ಡ್ಸ್ ಇನ್ ಏರ್’. ಸುಮಾರು 900 ಪುಟಗಳ ಈ ಪುಸ್ತಕವನ್ನು ಒಂದೇ ಸಮನೆ ಓದಲು ಹೊರಟರೆ ದಣಿವಾಗುತ್ತದೆ. ದಿನಕ್ಕೆ ನಾಲ್ಕೈದು ಪತ್ರಗಳಂತೆ ಓದಿದಾಗಲೇ ನನಗೆ ಇದರ ಲಯ ಸಿಕ್ಕಿತು.

1951ರ ಕೊನೆಯಲ್ಲಿ ಬ್ರೆಜಿಲಿಗೆ ಹೋದ ಬಿಷಪ್ ಅಲ್ಲಿಯೇ ಹಲವು ವರ್ಷ ನೆಲೆಸಿದ್ದರಿಂದ ಈ ಸ್ನೇಹದ ಬಹುಭಾಗ ಅಂಚೆಯಲ್ಲಿಯೇ ನಡೆಯಿತು. ಪರಸ್ಪರರ ಕವಿತೆಗಳನ್ನು ಅವರು ಓದಿದ ರೀತಿಯನ್ನು ಇಲ್ಲಿ ಹತ್ತಿರದಿಂದ ಕಾಣಬಹುದು. ಬಿಷಪ್ ಅವರ ‘ದಿ ಆರ್ಮಡಿಲೊ’ ಕವಿತೆಯಿಂದ ತಮ್ಮ ‘ಸ್ಕಂಕ್ ಅವರ್’ ಪಡೆದ ಸಾಲವನ್ನು ಲೋವೆಲ್ ಮುಕ್ತವಾಗಿ ಒಪ್ಪಿಕೊಂಡು ಅದನ್ನು ಅವರಿಗೇ ಅರ್ಪಿಸಿದರು. ಮುಂದೆ ಬಿಷಪ್ ಕೂಡ ತಮ್ಮ ಆ ‘ಆರ್ಮಡಿಲೊ’ ಕವಿತೆಯನ್ನು ಲೋವೆಲ್‌ಗೆ ಅರ್ಪಿಸಿದರು. 1957ರ ಆಗಸ್ಟಿನ ಪತ್ರವೊಂದರಲ್ಲಿ ಲೋವೆಲ್, ಹಿಂದೊಮ್ಮೆ ಬಿಷಪ್ ಅವರನ್ನು ಮದುವೆಯಾಗುವಂತೆ ಕೇಳಬೇಕೆಂದುಕೊಂಡು ಕೇಳದೆ ಉಳಿದುದನ್ನು ನೆನೆಯುತ್ತಾರೆ. ಅಷ್ಟು ಸಂಕೋಚದಿಂದ, ಅಷ್ಟು ನಿರಾಡಂಬರವಾಗಿ ಬರೆದ ಆ ಪುಟಗಳನ್ನು ನಾನು ಮೂರು ಬಾರಿ ಓದಿದೆ.

ಪ್ರಶಸ್ತಿ, ಪತ್ರಿಕೆ, ಸಹಕವಿಗಳ ಸುದ್ದಿಯಿಂದಲೇ ತುಂಬಿದ ಪತ್ರಗಳೂ ಸಾಕಷ್ಟಿವೆ. ಆ ವಲಯದ ಪರಿಚಯವಿಲ್ಲದ ಓದುಗರು ಅಡಿಟಿಪ್ಪಣಿಗಳನ್ನೇ ನೆಚ್ಚಬೇಕಾಗುತ್ತದೆ.

ಈ ಪುಸ್ತಕವನ್ನು ಕೊಳ್ಳಲು 1972ರ ಮಾರ್ಚ್ ತಿಂಗಳ ಒಂದು ಪತ್ರವೇ ಸಾಕು ಎಂಬುದು ನನ್ನ ಅಭಿಪ್ರಾಯ. ತಾವು ಬಿಟ್ಟುಬಂದ ಪತ್ನಿ ಎಲಿಜಬೆತ್ ಹಾರ್ಡ್‌ವಿಕ್ ತಮಗೆ ಬರೆದಿದ್ದ ಖಾಸಗಿ ಪತ್ರಗಳನ್ನು ಲೋವೆಲ್ ‘ದಿ ಡಾಲ್ಫಿನ್’ ಸಂಕಲನದ ಕವಿತೆಗಳಲ್ಲಿ ಬಳಸಿಕೊಂಡಿದ್ದರು, ಅವುಗಳ ಮಾತುಗಳನ್ನೂ ಬದಲಿಸಿದ್ದರು. ಹಸ್ತಪ್ರತಿ ಓದಿದ ಬಿಷಪ್ ಕವಿತೆಗಳ ಶಕ್ತಿಯನ್ನು ಮನಸಾರೆ ಮೆಚ್ಚುತ್ತಲೇ, ಇದು ವಿಶ್ವಾಸದ್ರೋಹವಲ್ಲವೇ, ಕಲೆಗೆ ಅಷ್ಟೊಂದು ಬೆಲೆ ತೆರಬೇಕಾಗಿಲ್ಲ ಎಂದು ಗೆಳೆಯನಿಗೆ ನೇರವಾಗಿ ಬರೆದರು. ಸ್ನೇಹ ಮುರಿದೀತೆಂಬ ಭಯವಿದ್ದೂ ಹೀಗೆ ಬರೆಯುವ ಧೈರ್ಯ ಎಷ್ಟು ಜನರಿಗಿದ್ದೀತು! ಲೋವೆಲ್ ಕೆಲವು ತಿದ್ದುಪಡಿಗಳನ್ನು ಮಾಡಿದರಾದರೂ 1973ರಲ್ಲಿ ಸಂಕಲನವನ್ನು ಪ್ರಕಟಿಸಿಯೇಬಿಟ್ಟರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಪತ್ರವ್ಯವಹಾರ ಮಾತ್ರ ನಿಲ್ಲಲಿಲ್ಲ.

ಖಾಸಗಿ ಪತ್ರಗಳ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿದ್ದವರ ಪತ್ರಗಳನ್ನೇ ಓದುತ್ತಿದ್ದೇನೆಂಬ ಅಳುಕು ನನ್ನನ್ನು ಕಾಡಿತು. ಆದರೆ ಬಿಷಪ್ ಆಕ್ಷೇಪಿಸಿದ್ದು ಮುಖ್ಯವಾಗಿ ಬದುಕಿರುವ ವ್ಯಕ್ತಿಯ ಮಾತನ್ನು ಅನುಮತಿಯಿಲ್ಲದೆ ತಿರುಚುವುದನ್ನು. ಹಾರ್ವರ್ಡಿನಲ್ಲಿ ಪತ್ರಗಳ ಕುರಿತೇ ಪಾಠ ಮಾಡಿದ ಅವರಿಗೆ ಪರರ ಪತ್ರಗಳನ್ನು ಓದುವ ಸುಖ ಚೆನ್ನಾಗಿಯೇ ತಿಳಿದಿತ್ತು.

ಸಂಪುಟ ಮುಗಿಸಿದವರು ಲೋವೆಲ್ ಸಾವಿನ ಬಳಿಕ ಬಿಷಪ್ ಬರೆದ ‘ನಾರ್ತ್ ಹೇವನ್’ ಎಂಬ ಶೋಕಗೀತೆಯನ್ನು ತಪ್ಪದೆ ಓದಬೇಕು. ಬರೆದುದನ್ನು ಜೀವನವಿಡೀ ತಿದ್ದುತ್ತಲೇ ಇದ್ದ ಗೆಳೆಯನಿಗೆ, ಇನ್ನು ನಿನ್ನ ಮಾತುಗಳು ಬದಲಾಗುವುದಿಲ್ಲ ಎಂದು ಅವರು ಅಲ್ಲಿ ಹೇಳುತ್ತಾರೆ.