ಎಲ್ಲ ಎಲೆಗಳೂ ಕಣ್ಣೆದುರಿಗೇ: ಕೆಪೇಷನ್ಸ್‌ನಲ್ಲಿ ಫ್ರೀಸೆಲ್ ಕಲಿತದ್ದು

ಕಂಪ್ಯೂಟರಿನಲ್ಲಿ ಒಬ್ಬರೇ ಕುಳಿತು ಆಡುವ ಇಸ್ಪೀಟಾಟ ಎಂದಾಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದ ಸಾಲಿಟೇರ್. ಇಸ್ಪೀಟು ಬಲ್ಲವರು ಅದನ್ನು ಕ್ಲಾಂಡೈಕ್ ಎನ್ನುತ್ತಾರೆ. ನಾನೂ ಅದನ್ನು ವರ್ಷಗಟ್ಟಲೆ ಆಡಿದ್ದೇನೆ. ಆದರೆ ಅದರಲ್ಲಿ ಆರಂಭದಲ್ಲಿ ಹರಡುವ 28 ಎಲೆಗಳ ಪೈಕಿ 21 ಎಲೆಗಳು ಮಗುಚಿಕೊಂಡೇ ಇರುವುದರಿಂದ, ಆಟ ಸೋತಾಗ ತಪ್ಪು ನನ್ನ ನಡೆಯದೋ ಎಲೆ ಬಿದ್ದ ರೀತಿಯದೋ ಎಂಬುದು ಕೊನೆಗೂ ತಿಳಿಯುತ್ತಿರಲಿಲ್ಲ. ತಪ್ಪು ಎಲ್ಲಿ ಎಂದು ತಿಳಿಯದೆ ಆಟ ಸುಧಾರಿಸುವುದು ಕಷ್ಟ. ಆ ಕಾರಣಕ್ಕಾಗಿಯೇ ಕಳೆದ ಮಳೆಗಾಲದಲ್ಲಿ ಫ್ರೀಸೆಲ್ ಕಲಿಯಲು ತೊಡಗಿದೆ. ಅದಕ್ಕೆ ನಾನು ಆರಿಸಿಕೊಂಡದ್ದು ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ, ಮುಕ್ತ ತಂತ್ರಾಂಶಗಳನ್ನು ರೂಪಿಸುವ ಕೆಡಿಇ ಸಮುದಾಯದ ಕೆಪೇಷನ್ಸ್ ಎಂಬ ತಂತ್ರಾಂಶ.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಇದನ್ನು 1978ರಲ್ಲಿ ಪಾಲ್ ಆಲ್ಫಿಲ್ ಎಂಬುವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಗಣಕ ವ್ಯವಸ್ಥೆಗಾಗಿ ರೂಪಿಸಿದರು. ಮುಂದೆ ಜಿಮ್ ಹಾರ್ನ್ ಅದನ್ನು ವಿಂಡೋಸ್‌ಗೆ ತಂದರು. ಇಲ್ಲಿ 52 ಎಲೆಗಳೂ ಮುಖ ಮೇಲಾಗಿಯೇ ಎಂಟು ಸಾಲುಗಳಲ್ಲಿ ಬೀಳುತ್ತವೆ. ಮೊದಲ ನಾಲ್ಕು ಸಾಲುಗಳಿಗೆ ತಲಾ ಏಳು, ಉಳಿದ ನಾಲ್ಕಕ್ಕೆ ತಲಾ ಆರು. ಮೇಲೆ ಒಂದು ಬದಿಗೆ ನಾಲ್ಕು ಖಾಲಿ ಮನೆಗಳಿದ್ದು, ಒಂದೊಂದರಲ್ಲಿ ಒಂದೊಂದೇ ಎಲೆಯನ್ನು ತಾತ್ಕಾಲಿಕವಾಗಿ ಇಡಬಹುದು. ಇನ್ನೊಂದು ಬದಿಯಲ್ಲಿ ಎಕ್ಕದಿಂದ ರಾಜನವರೆಗೆ ಒಂದೊಂದು ಜಾತಿಯನ್ನೂ ಏರಿಸಿಕೊಂಡು ಹೋಗಬೇಕು. ಸಾಲುಗಳಲ್ಲಿ ಮಾತ್ರ ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಎಂದು ಇಳಿಕೆಯ ಕ್ರಮದಲ್ಲಿ ಜೋಡಿಸಬೇಕು.

ನಿಯಮ ಇಷ್ಟೇ ಆದರೂ ಹೊಸಬರು ಎಡವುವುದು ಒಂದು ಕಡೆ. ನಿಜವಾಗಿ ಒಂದು ಸಲಕ್ಕೆ ಒಂದೇ ಎಲೆಯನ್ನು ಸರಿಸಲು ಅವಕಾಶವಿದೆ. ಐದು ಎಲೆಗಳ ಸರಣಿಯನ್ನು ಒಟ್ಟಿಗೆ ಎಳೆದಂತೆ ತೆರೆಯ ಮೇಲೆ ಕಂಡರೂ, ತಂತ್ರಾಂಶವು ಅವುಗಳನ್ನು ಖಾಲಿ ಮನೆಗಳಿಗೆ ಒಂದೊಂದಾಗಿ ಏರಿಸಿ ಮತ್ತೆ ಇಳಿಸುವ ಕೆಲಸವನ್ನು ನಮ್ಮ ಪರವಾಗಿ ಮಾಡಿಕೊಡುತ್ತಿರುತ್ತದೆ. ಆದ್ದರಿಂದ ಲೆಕ್ಕ ಹೀಗೆ: ಖಾಲಿ ಮನೆಗಳ ಸಂಖ್ಯೆಗೆ ಒಂದು ಕೂಡಿಸಿದರೆ ಒಮ್ಮೆಗೆ ಎಷ್ಟು ಎಲೆ ಸರಿಸಬಹುದು ಎಂಬುದು ಸಿಗುತ್ತದೆ. ಒಂದು ಸಾಲು ಪೂರ್ತಿ ಬರಿದಾಗಿದ್ದರೆ, ಸರಿಸುವುದು ಆ ಬರಿದಾದ ಸಾಲಿಗೇ ಅಲ್ಲದ ಪಕ್ಷದಲ್ಲಿ, ಆ ಸಂಖ್ಯೆ ಇಮ್ಮಡಿಯಾಗುತ್ತದೆ. ನಾಲ್ಕೂ ಮನೆ ಖಾಲಿಯಿದ್ದರೆ ಐದು ಎಲೆ, ಜೊತೆಗೆ ಒಂದು ಸಾಲೂ ಬರಿದಿದ್ದರೆ ಹತ್ತು. ಇದು ತಲೆಗೆ ಹೋದ ದಿನದಿಂದ ಸಾಲು ಬರಿದು ಮಾಡುವುದರ ಬೆಲೆ ನನಗೆ ಅರ್ಥವಾಯಿತು.

ಈಗ ತಂತ್ರಾಂಶದ ವಿಷಯ. ಕೆಪೇಷನ್ಸ್‌ನಲ್ಲಿ ಕ್ಲಾಂಡೈಕ್, ಸ್ಪೈಡರ್, ಯುಕಾನ್, ಗಾಲ್ಫ್ ಮುಂತಾದ ಹಲವು ಆಟಗಳಿವೆ. ಆದರೆ ಕಲಿಯುವವರಿಗೆ ಅದರ ಅಸಲಿ ಬೆಲೆ ಇರುವುದು ಕಿಟಕಿಯ ಕೆಳ ಅಂಚಿನ ಒಂದು ಸಣ್ಣ ಸಾಲಿನಲ್ಲಿ. ಅದರೊಳಗಿನ ಪರಿಹಾರಕ, ಅಂದರೆ ಸಾಲ್ವರ್, ನಾವು ಆಡುತ್ತಿರುವಾಗಲೇ ಹಿನ್ನೆಲೆಯಲ್ಲಿ ಲೆಕ್ಕ ಹಾಕಿ, ಈ ಸ್ಥಿತಿಯಿಂದ ಇನ್ನೂ ಗೆಲ್ಲಲು ಸಾಧ್ಯವಿದೆಯೇ ಇಲ್ಲವೇ ಎಂಬುದನ್ನು ಅಲ್ಲಿ ತಿಳಿಸುತ್ತದೆ. ಹೇಗೆ ಗೆಲ್ಲಬೇಕೆಂದು ಆ ಸಾಲು ಹೇಳುವುದಿಲ್ಲ. ದಾರಿ ಇದೆಯೋ ಮುಚ್ಚಿತೋ ಎಂದಷ್ಟೇ ಹೇಳುತ್ತದೆ. ಒಳ್ಳೆಯ ಮೇಷ್ಟ್ರು ಹಿಂದೆ ನಿಂತು ನೋಡುತ್ತಾ, ತಪ್ಪಿದಾಗ ಮಾತ್ರ ಗಂಟಲು ಸರಿಮಾಡಿಕೊಂಡಂತೆ ಇದು ನನಗೆ ಅನುಭವವಾಯಿತು.

ಒಂದು ಸಂಜೆಯ ಆಟವನ್ನೇ ಹೇಳುತ್ತೇನೆ. ಆಟೀನ್ ಎಕ್ಕ ಒಂದು ಸಾಲಿನಲ್ಲಿ ಹುದುಗಿತ್ತು. ಅದನ್ನು ಮುಚ್ಚಿದ್ದ ಎಲೆಗಳು ಮೂರು: ಇಸ್ಪೀಟ್ ರಾಣಿ, ಅದರ ಮೇಲೆ ಡೈಮಂಡ್ ನಾಲ್ಕು, ಎಲ್ಲಕ್ಕಿಂತ ಮೇಲೆ ಕ್ಲಾವರ್ ಒಂಬತ್ತು. ಎಕ್ಕ ಬಿಡಿಸುವ ಆತುರದಲ್ಲಿ ಮೂರನ್ನೂ ಒಂದೊಂದಾಗಿ ಖಾಲಿ ಮನೆಗೆ ಏರಿಸಿದೆ. ಎಕ್ಕವೇನೋ ಹೊರಬಂತು, ಆದರೆ ಕಿಟಕಿಯ ಕೆಳಗಿನ ಪರಿಹಾರಕದ ಸಾಲು ಇನ್ನು ಗೆಲ್ಲಲಾಗದು ಎಂದಿತು. ಹಿಂದಿನ ನಡೆಗೆ ಮರಳುವ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾ ಬಂದೆ. ಕ್ಲಾವರ್ ಒಂಬತ್ತು ತನ್ನ ಸಾಲಿಗೆ ಮರಳಿದ ಕೂಡಲೇ ಮಾತು ಬದಲಾಗಿ, ಗೆಲ್ಲಬಹುದು ಎಂದು ಬಂತು. ಆಗ ನಿಧಾನವಾಗಿ ನೋಡಿದರೆ, ಪಕ್ಕದ ಸಾಲಿನ ಕೊನೆಯಲ್ಲಿದ್ದ ಆಟೀನ್ ಹತ್ತನ್ನು ಇನ್ನೊಂದು ಸಾಲಿನ ಇಸ್ಪೀಟ್ ಗುಲಾಮನ ಮೇಲಿಟ್ಟು, ಆ ಹತ್ತರ ಮೇಲೆ ಒಂಬತ್ತನ್ನು ಕೂಡಿಸಬಹುದಾಗಿತ್ತು. ಇದರಿಂದ ಉಳಿತಾಯವಾದದ್ದು ಒಂದೇ ಒಂದು ಮನೆ. ಆಟ ತಿರುಗಿದ್ದು ಅದರಿಂದಲೇ. ರಾಣಿಯಂಥ ದೊಡ್ಡ ಎಲೆ ಮನೆಯಲ್ಲಿ ಕುಳಿತರೆ ಕೆಂಪು ರಾಜ ತೆರೆದುಕೊಳ್ಳುವವರೆಗೂ ಏಳುವುದಿಲ್ಲವಾದ್ದರಿಂದ, ಉಳಿದ ಮನೆಗಳನ್ನು ಕಾಪಾಡಿಕೊಳ್ಳುವುದು ಎಷ್ಟು ಮುಖ್ಯ ಎಂಬುದನ್ನು ಯಾವ ಕೈಪಿಡಿಯೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಫ್ರೀಸೆಲ್‌ನಲ್ಲಿ ಹೀಗೆ ತಪ್ಪು ಹುಡುಕುವುದಕ್ಕೆ ಅರ್ಥವಿದೆ, ಏಕೆಂದರೆ ಬಹುಮಟ್ಟಿಗೆ ಎಲ್ಲ ಹಂಚಿಕೆಗಳೂ ಗೆಲ್ಲುವಂಥವೇ. ಹಳೆಯ ವಿಂಡೋಸ್ ಆವೃತ್ತಿಯಲ್ಲಿ 32,000 ಹಂಚಿಕೆಗಳಿದ್ದವು. 1990ರ ದಶಕದ ನಡುವಿನಲ್ಲಿ ಡೇವ್ ರಿಂಗ್ ಅವರ ಮುಂದಾಳ್ತನದಲ್ಲಿ ಅಂತರ್ಜಾಲದ ಸ್ವಯಂಸೇವಕರು ಅವುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಆಡಿದರು. ಯಾರಿಂದಲೂ ಬಗೆಹರಿಯದೆ ಉಳಿದದ್ದು 11982ನೆಯ ಸಂಖ್ಯೆಯ ಆಟ ಒಂದೇ. ಯಾವ ಹಣವೂ ಇಲ್ಲದೆ ಅಷ್ಟೊಂದು ಜನ ಕುಳಿತು ಆಡಿದ ಆ ಶ್ರದ್ಧೆಯನ್ನು ನೆನೆದರೆ ಇಂದಿಗೂ ಗೌರವ ಮೂಡುತ್ತದೆ.

ಕೊರತೆಗಳಿಲ್ಲ ಎನ್ನಲಾರೆ. ಪರಿಹಾರಕದ ಆ ಸಾಲಿನ ಅಕ್ಷರಗಳು ಚಿಕ್ಕವು, ಕಣ್ಣು ಮಂಜಾದ ಹಿರಿಯರಿಗೆ ತೋರಿಸಿಕೊಡಬೇಕಾಗುತ್ತದೆ. ದಾರಿ ಮುಚ್ಚಿದ್ದು ಯಾವ ನಡೆಯಿಂದ ಎಂದು ಅದು ಬೊಟ್ಟು ಮಾಡುವುದಿಲ್ಲವಾದ್ದರಿಂದ ಹಿಂದಕ್ಕೆ ನಡೆದು ಹುಡುಕುವ ತಾಳ್ಮೆ ಬೇಕು. ಮೊದಲ ವಾರ ಸುಳಿವಿನ ಗುಂಡಿಯನ್ನು ಮುಟ್ಟಬೇಡಿ; ಕೈ ಅದಕ್ಕೇ ಒಗ್ಗಿಕೊಂಡರೆ ಕಣ್ಣು ಎಲೆಗಳ ಮೇಲೆ ಓಡುವುದಿಲ್ಲ. ಎಲೆಗಳು ತಾವಾಗಿಯೇ ಮೇಲೇರುವ ಸೌಲಭ್ಯವನ್ನೂ ಆರಂಭದಲ್ಲಿ ನಿಲ್ಲಿಸಿಬಿಡುವುದು ಲೇಸು. ಕೆಳಗೆ ಯಾವುದೋ ಕಪ್ಪು ಎರಡನ್ನು ಕೂಡಿಸಲು ಬೇಕಿದ್ದ ಕೆಂಪು ಮೂರು ನೋಡನೋಡುತ್ತಲೇ ಮೇಲೇರಿ ಹೋದದ್ದುಂಟು.

ಇದಕ್ಕೂ ಮುನ್ನ ಮೊಬೈಲಿನಲ್ಲಿ ಒಂದು ಉಚಿತ ಆ್ಯಪ್ ಹಾಕಿಕೊಂಡಿದ್ದೆ. ಪ್ರತಿ ಆಟ ಮುಗಿದಾಗಲೂ ಜಾಹೀರಾತು ತೆರೆಯನ್ನೆಲ್ಲ ಆವರಿಸುತ್ತಿತ್ತು, ಮೇಲಿನ ಗಡಿಯಾರ ಓಡುತ್ತಲೇ ಇರುತ್ತಿತ್ತು. ಎರಡೇ ದಿನಕ್ಕೆ ತೆಗೆದುಹಾಕಿದೆ. ಕೆಪೇಷನ್ಸ್‌ನಲ್ಲಿ ಜಾಹೀರಾತಿಲ್ಲ, ಬೆಲೆಯೂ ಇಲ್ಲ. ಅದು ಮುಕ್ತ ತಂತ್ರಾಂಶವಾದ್ದರಿಂದ ಹೆಚ್ಚಿನ ಲಿನಕ್ಸ್ ವಿತರಣೆಗಳ ತಂತ್ರಾಂಶ ಭಂಡಾರದಲ್ಲಿ ಕೆಪ್ಯಾಟ್ ಎಂಬ ಹೆಸರಿನಲ್ಲಿ ಹುಡುಕಿದರೆ ಸಿಗುತ್ತದೆ. ಸಂಖ್ಯೆ ಕೊಟ್ಟು ಒಂದೇ ಹಂಚಿಕೆಯನ್ನು ಎಷ್ಟು ಸಲ ಬೇಕಾದರೂ ತೆರೆಯಬಹುದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಸೋತ ಆಟಗಳ ಸಂಖ್ಯೆಗಳಿಗಾಗಿಯೇ ಒಂದು ಪುಟ ಇಟ್ಟಿದ್ದೇನೆ. ಗೆದ್ದ ಮೇಲೆ ಒಂದೊಂದನ್ನೇ ಹೊಡೆದುಹಾಕುತ್ತೇನೆ. ಈಗ ಅಲ್ಲಿ ಏಳು ಉಳಿದಿವೆ.