ಟೆಕ್ಸಾಸ್ ಪೊಲೀಸ್ ಲೈಸೆನ್ಸಿಗೆ ಕ್ರಿಮಿನಲ್ ಕಾನೂನಿನ ಆನ್‌ಲೈನ್ ಕೋರ್ಸ್: ಬಹಳ ದಿನ ಬಳಸಿದ ಮೇಲೆ ಅನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಕಾನೂನನ್ನು ಹೇಗೆ ಓದಬೇಕು ಅನ್ನುವುದನ್ನು ಈ ಕೋರ್ಸ್ ತುಂಬಾ ಚೆನ್ನಾಗಿ ಕಲಿಸುತ್ತದೆ. ಕಾನೂನು ಇವತ್ತು ಏನು ಹೇಳುತ್ತದೆ ಅನ್ನುವುದಕ್ಕೆ ಮಾತ್ರ ಇದೊಂದನ್ನೇ ನಂಬಿ ಕೂರಬೇಡಿ. ನಾನು ಅಕಾಡೆಮಿಗೆ ಸೇರುವ ಮುಂಚೆಯಿಂದ ಚಂದಾ ಕಟ್ಟುತ್ತಿದ್ದೇನೆ. ರಾತ್ರಿ ಅಕಾಡೆಮಿ ಮುಗಿಸಿ, ಲೈಸೆನ್ಸ್ ಪರೀಕ್ಷೆ ಪಾಸಾಗಿ, ಈಗ ರಿಸರ್ವ್ ಆಫೀಸರ್ ಆಗಿ ವಾರಾಂತ್ಯದಲ್ಲಿ ಕೆಲಸ ಮಾಡುತ್ತಿದ್ದರೂ ನಿಲ್ಲಿಸಿಲ್ಲ. ಕಂಪನಿ ಹೆಸರು ಹಾಕುವುದಿಲ್ಲ. ಇಂಥ ಕೋರ್ಸುಗಳು ಹಲವು ಇವೆ, ನಾನು ಹೇಳುವ ಮಾತು ಬೇರೆಯವುಗಳನ್ನು ಪರೀಕ್ಷಿಸಿ ನೋಡುವುದಕ್ಕೂ ಆಗುತ್ತದೆ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ಇರುವ ನಮ್ಮವರು ಕೆಲವರು ಈ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಸ್ವಲ್ಪ ಹಿನ್ನೆಲೆ. ಇಲ್ಲಿ ಪೊಲೀಸ್ ಆಗಲು ಒಂದು ಇಲಾಖೆ ಕೆಲಸ ಕೊಟ್ಟರೆ ಸಾಲದು, ರಾಜ್ಯದ ಲೈಸೆನ್ಸ್ ಬೇಕು. ಅದನ್ನು ಕೊಡುವುದು ಟೆಕ್ಸಾಸ್ ಕಮಿಷನ್ ಆನ್ ಲಾ ಎನ್‌ಫೋರ್ಸ್‌ಮೆಂಟ್. ಇಲ್ಲಿ ಎಲ್ಲರೂ ಟಿಕೋಲ್ ಅನ್ನುತ್ತಾರೆ. 700 ಗಂಟೆಗೂ ಜಾಸ್ತಿಯ ಮೂಲ ತರಬೇತಿ ಮುಗಿಸಬೇಕು, ಆಮೇಲೆ 250 ಪ್ರಶ್ನೆಗಳ ಪರೀಕ್ಷೆ, ಪಾಸಾಗಲು ನೂರಕ್ಕೆ 70 ಬೇಕು. ಮೂರು ಸಲ ಅವಕಾಶ. ಆನ್‌ಲೈನ್ ಕೋರ್ಸ್ ಯಾವುದೇ ಆಗಲಿ, ಅದು ಈ ತರಬೇತಿಗೆ ಬದಲಿ ಅಲ್ಲ. ಜಾಹೀರಾತಿನಲ್ಲಿ ಹಾಗೆ ಅನಿಸುವಂತೆ ಬರೆದಿದ್ದರೆ ಆ ಪುಟವನ್ನು ಅಲ್ಲೇ ಮುಚ್ಚಿಬಿಡಿ.

ಊರಲ್ಲಿ ಬೆಳೆದವರಿಗೆ ಮೊದಲು ಹೊಂದಿಕೊಳ್ಳಲು ಕಷ್ಟ ಆಗುವುದು ಒಂದು ವಿಷಯ. ನಮ್ಮಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗೆ ಮಾತ್ರ ಅಲ್ಲ, ಇಡೀ ದೇಶಕ್ಕೇ ಒಂದೇ ದಂಡ ಸಂಹಿತೆ. ಕೊಲೆ ಅಂದರೆ 302 ಅಂತ ಎಲ್ಲರ ಬಾಯಲ್ಲೂ ಇತ್ತು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 103 ಆಯಿತು. ಅದೂ ಎಲ್ಲಾ ರಾಜ್ಯಕ್ಕೂ ಒಟ್ಟಿಗೇ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಪುಸ್ತಕ. ಟೆಕ್ಸಾಸ್ ಪೀನಲ್ ಕೋಡ್ ಜಾರಿಗೆ ಬಂದದ್ದು 1974ರ ಜನವರಿ 1ಕ್ಕೆ. ಪಕ್ಕದ ಒಕ್ಲಹೋಮಾದ ನೋಟ್ಸ್ ಇಲ್ಲಿ ನಡೆಯುವುದಿಲ್ಲ. ಇಲ್ಲಿ 17 ವರ್ಷದ ಹುಡುಗನನ್ನೂ ಕ್ರಿಮಿನಲ್ ಕೇಸಿನಲ್ಲಿ ದೊಡ್ಡವನೆಂದೇ ನೋಡುತ್ತಾರೆ. ಬಹಳ ರಾಜ್ಯಗಳಲ್ಲಿ ಹಾಗಿಲ್ಲ. ಆದ್ದರಿಂದ "ಅಮೆರಿಕದ ಕ್ರಿಮಿನಲ್ ಲಾ" ಅಂತ ಸಾಮಾನ್ಯವಾಗಿ ಮಾರುವ ಕೋರ್ಸುಗಳನ್ನು ಬಿಟ್ಟು ಟೆಕ್ಸಾಸಿನದ್ದೇ ಆದ ಇದನ್ನು ಆರಿಸಿದೆ. ಆ ಆಯ್ಕೆ ಸರಿಯಾಗಿಯೇ ಇತ್ತು.

ಈ ಕೋರ್ಸಿನ ನಿಜವಾದ ಶಕ್ತಿ ಅಪರಾಧವನ್ನು ಬಿಡಿಬಿಡಿಯಾಗಿ ಬಿಚ್ಚಿ ತೋರಿಸುವುದರಲ್ಲಿದೆ. ಇಲ್ಲಿ ಎಲಿಮೆಂಟ್ಸ್ ಅನ್ನುತ್ತಾರೆ. ಯಾರು, ಯಾವ ಮನಸ್ಸಿನಿಂದ, ಏನು ಮಾಡಿದ, ಅದರಿಂದ ಏನಾಯಿತು. ಒಂದು ಎಲಿಮೆಂಟ್ ಇಲ್ಲದಿದ್ದರೂ ಕೇಸ್ ನಿಲ್ಲುವುದಿಲ್ಲ. ಮನಸ್ಸಿನ ವಿಷಯಕ್ಕೆ ಸೆಕ್ಷನ್ 6.03 ಇದೆ. ನಾಲ್ಕು ಹಂತ. ಬೇಕೆಂದೇ ಮಾಡಿದ್ದು, ಹೀಗೇ ಆಗುತ್ತದೆ ಅಂತ ಗೊತ್ತಿದ್ದೂ ಮಾಡಿದ್ದು, ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು, ಅಪಾಯ ಕಾಣಬೇಕಿತ್ತು ಆದರೂ ಗಮನಿಸದೆ ಮಾಡಿದ್ದು. ಇದನ್ನು ವಿವರಿಸಲು ಕೋರ್ಸಿನವರು ಒಂದೇ ಅಪಘಾತದ ಕಥೆಯನ್ನು ನಾಲ್ಕು ಸಲ ಹೇಳಿ ಪ್ರತಿ ಸಲ ಚಾಲಕನ ತಲೆಯಲ್ಲಿ ಏನಿತ್ತು ಅನ್ನುವುದನ್ನು ಮಾತ್ರ ಬದಲಿಸುತ್ತಾರೆ, ಅದೊಂದು ಪಾಠಕ್ಕೇ ಕೊಟ್ಟ ದುಡ್ಡು ವಸೂಲಾಯಿತು ಅನಿಸಿತು.

ಅಸಾಲ್ಟ್ ಪಾಠವೂ ಹಾಗೇ. ಸೆಕ್ಷನ್ 22.01ರಲ್ಲಿ ಮೂರು ದಾರಿ ಇದೆ. ದೇಹಕ್ಕೆ ಪೆಟ್ಟು ಮಾಡುವುದು, ಈಗಲೇ ಹೊಡೆಯುತ್ತೇನೆ ಅಂತ ಬೆದರಿಸುವುದು, ಎದುರಿನವರಿಗೆ ಅವಮಾನ ಅನಿಸುವ ಹಾಗೆ ಮೈ ಮುಟ್ಟುವುದು. ಪೆಟ್ಟು ಅಂದರೆ ರಕ್ತ ಬರಬೇಕು, ಬಾವು ಬರಬೇಕು ಅಂತೇನಿಲ್ಲ, ನೋವಾದರೂ ಸಾಕು ಅಂತ ಕೋಡೇ ಹೇಳುತ್ತದೆ. ಇಲ್ಲಿ ಸಣ್ಣ ಅಪರಾಧಗಳಿಗೆ ಎ, ಬಿ, ಸಿ ಅಂತ ಮೂರು ದರ್ಜೆ, ಎ ಎಲ್ಲಕ್ಕಿಂತ ಗಂಭೀರ. ಪೆಟ್ಟಾದರೆ ಸಾಮಾನ್ಯವಾಗಿ ಕ್ಲಾಸ್ ಎ, ಬರೀ ಬೆದರಿಕೆ ಅಥವಾ ಮುಟ್ಟುವಿಕೆ ಆದರೆ ಸಾಮಾನ್ಯವಾಗಿ ಕ್ಲಾಸ್ ಸಿ. ಮನೆ ಜಗಳದ ಕರೆಗೆ ಹೋದಾಗ "ನೋವಾಯಿತಾ?" ಅಂತ ಕೇಳುವುದು ಎಷ್ಟು ಮುಖ್ಯ ಅನ್ನುವುದು ಈ ಪಾಠದಿಂದ ತಲೆಗೆ ಹೋಗುತ್ತದೆ. ಅದೊಂದು ಉತ್ತರದ ಮೇಲೆ ಮುಂದಿನ ಎಲ್ಲಾ ಕ್ರಮ ನಿಂತಿರುತ್ತದೆ.

ಬರ್ಗ್ಲರಿ ಮತ್ತು ರಾಬರಿಯನ್ನು ಒಟ್ಟಿಗೆ ಇಟ್ಟು ಕಲಿಸಿದ್ದೂ ಒಳ್ಳೆಯದಾಯಿತು. ರಾಬರಿಗೆ ಮನುಷ್ಯನ ಮೇಲೆ ಪೆಟ್ಟೋ ಬೆದರಿಕೆಯೋ ಬೇಕು, ಅದು ಕಳ್ಳತನದ ಜೊತೆಯಲ್ಲೇ ನಡೆದಿರಬೇಕು. ಬರ್ಗ್ಲರಿಗೆ ಒಳಗೆ ಯಾರೂ ಇಲ್ಲದಿದ್ದರೂ ಆಗುತ್ತದೆ. ಮಾಲೀಕರ ಒಪ್ಪಿಗೆ ಇಲ್ಲದೆ ನುಗ್ಗಿ, ಕಳ್ಳತನ, ಹಲ್ಲೆ ಅಥವಾ ಯಾವುದಾದರೂ ಫೆಲನಿ (ದೊಡ್ಡ ದರ್ಜೆಯ ಅಪರಾಧ) ಮಾಡುವ ಉದ್ದೇಶ ಇದ್ದರೆ ಸಾಕು, ಒಳಗಿಂದ ಒಂದು ಚಮಚ ತೆಗೆದುಕೊಂಡು ಬರದಿದ್ದರೂ ಅಪರಾಧ ಪೂರ್ತಿ ಆಗಿದೆ. ಖಾಲಿ ಗೋದಾಮು ಆದರೆ ಸ್ಟೇಟ್ ಜೈಲ್ ಫೆಲನಿ, ಅಂದರೆ ಫೆಲನಿಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆ. ಜನ ವಾಸಿಸುವ ಮನೆ ಆದರೆ ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ಸೆಕೆಂಡ್ ಡಿಗ್ರಿ ಫೆಲನಿ.

ಶಿಕ್ಷೆಯ ಭಾಗಕ್ಕೆ ಫ್ಲ್ಯಾಶ್‌ಕಾರ್ಡ್ ಕೊಟ್ಟಿದ್ದಾರೆ, ಅವು ಚೆನ್ನಾಗಿವೆ. ಕ್ಲಾಸ್ ಸಿಗೆ 500 ಡಾಲರ್‌ವರೆಗೆ ದಂಡ ಅಷ್ಟೇ, ಜೈಲಿಲ್ಲ. ಬಿಗೆ 180 ದಿನದವರೆಗೆ, ಎಗೆ 1 ವರ್ಷದವರೆಗೆ ಜೈಲು. ಕಳ್ಳತನದ ಮೊತ್ತಗಳನ್ನು ಬಾಯಿಪಾಠ ಮಾಡಲೇಬೇಕು: 100 ಡಾಲರ್ ಒಳಗೆ ಸಿ, 100ರಿಂದ 750ರ ಒಳಗೆ ಬಿ, 750ರಿಂದ 2,500ರ ಒಳಗೆ ಎ, ಅಲ್ಲಿಂದ ಮೇಲೆ ಫೆಲನಿ. ಇವು 2015ರ ಸೆಪ್ಟೆಂಬರ್ 1ರಿಂದ ಬಂದ ಮೊತ್ತಗಳು. ಅದಕ್ಕೂ ಮುಂಚೆ 50, 500, 1,500 ಇತ್ತು. ಪುಕ್ಕಟೆಯಾಗಿ ಕೈಯಿಂದ ಕೈಗೆ ಓಡಾಡುವ ಪಿಡಿಎಫ್‌ಗಳಲ್ಲಿ ಇವತ್ತಿಗೂ ಹಳೇ ಮೊತ್ತಗಳೇ ಇವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾರೋ ಪಾಪದ ಹುಡುಗ ಅದನ್ನೇ ಓದಿಕೊಂಡು ಪರೀಕ್ಷೆಗೆ ಕೂರುತ್ತಾನೆ ಅಲ್ವಾ.

ಈಗ ದೂರಿನ ವಿಷಯ. ಟೆಕ್ಸಾಸ್ ಶಾಸನಸಭೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಜನವರಿಯಿಂದ 140 ದಿನ ಸೇರುತ್ತದೆ. ಅಲ್ಲಿ ಪಾಸಾದ ಹೆಚ್ಚಿನ ಕಾನೂನುಗಳು ಆ ವರ್ಷದ ಸೆಪ್ಟೆಂಬರ್ 1ಕ್ಕೆ ಜಾರಿಗೆ ಬರುತ್ತವೆ. ಅಂದರೆ ಎರಡು ವರ್ಷಕ್ಕೊಮ್ಮೆ ಈ ಪಾಠಗಳೆಲ್ಲ ಹಳತಾಗುತ್ತವೆ. ಕೆಲಸದಲ್ಲಿರುವ ಆಫೀಸರ್‌ಗಳು ಪ್ರತಿ ಎರಡು ವರ್ಷಕ್ಕೆ 40 ಗಂಟೆ ತರಬೇತಿ ಮುಗಿಸಬೇಕು, ಅದರಲ್ಲಿ ಹೊಸ ಕಾನೂನಿನ ಪಾಠ ಕಡ್ಡಾಯ ಅಂತ ಟಿಕೋಲ್ ಇಟ್ಟಿರುವುದು ಇದಕ್ಕೇ. ತಿಂಗಳ ಚಂದಾ ತಗೊಳ್ಳುವ ಕೋರ್ಸ್ ಅಷ್ಟಾದರೂ ಮಾಡಬೇಡವೇ? ನಾನು ಸೇರಿದಾಗ ಬಂದೂಕಿನ ವಿಡಿಯೊ 2021ಕ್ಕಿಂತ ಮುಂಚಿನದು. ಆ ವರ್ಷ ಸೆಪ್ಟೆಂಬರ್‌ನಿಂದ 21 ದಾಟಿದ, ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳಬಹುದಾದವರು ಲೈಸೆನ್ಸ್ ಇಲ್ಲದೆಯೂ ಹೆಚ್ಚಿನ ಸಾರ್ವಜನಿಕ ಜಾಗಗಳಲ್ಲಿ ಕೈಬಂದೂಕು ಒಯ್ಯಬಹುದು ಅಂತಾಯಿತು. ಬೀದಿಯಲ್ಲಿ ಒಬ್ಬನ ಸೊಂಟದಲ್ಲಿ ಬಂದೂಕು ಕಂಡಾಗ ಆಫೀಸರ್ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಹಳೇ ವಿಡಿಯೊ ಕೊಡುವ ಉತ್ತರ ಅಪಾಯಕಾರಿ. ಪರೀಕ್ಷೆಯಲ್ಲಿ ಒಂದು ಅಂಕ ಹೋದರೆ ಹೋಯಿತು, ಬೀದಿಯಲ್ಲಿ ಒಬ್ಬ ನಿರಪರಾಧಿಗೆ ಕೋಳ ಬೀಳುತ್ತದೆ.

ಇದಕ್ಕಿಂತ ನನಗೆ ಹತ್ತಿರದ ಉದಾಹರಣೆ ಸೆಕ್ಷನ್ 38.02, ಹೆಸರು ಹೇಳದಿರುವ ಅಪರಾಧ. ಹೊಸಬರು ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವ ಸೆಕ್ಷನ್ ಇದು. ಕಾನೂನಿನಂತೆ ಬಂಧಿಸಿದ ಮೇಲೆ ಹೆಸರು, ವಿಳಾಸ, ಹುಟ್ಟಿದ ದಿನ ಹೇಳಲು ನಿರಾಕರಿಸಿದರೆ ಅಪರಾಧ. ಬರೀ ತಡೆದು ನಿಲ್ಲಿಸಿದ್ದರೆ ಸುಮ್ಮನೆ ಇರುವುದು ಅಪರಾಧ ಅಲ್ಲ, ಆದರೆ ಸುಳ್ಳು ಹೆಸರು ಹೇಳಿದರೆ ಅಪರಾಧ. ಇದರ ಹಿಂದೆ ಒಂದು ದೊಡ್ಡ ಕೇಸ್ ಇದೆ, ಬ್ರೌನ್ ವಿರುದ್ಧ ಟೆಕ್ಸಾಸ್, 1979. ಎಲ್ ಪಾಸೋದ ಒಂದು ಓಣಿಯಲ್ಲಿ ನಡೆದು ಹೋಗುತ್ತಿದ್ದವನನ್ನು ಪೊಲೀಸರು ನಿಲ್ಲಿಸಿ ಹೆಸರು ಕೇಳಿದರು, ಅವನು ಹೇಳಲಿಲ್ಲ, ಹಿಡಿದುಕೊಂಡು ಹೋದರು. ಅವನು ಏನಾದರೂ ತಪ್ಪು ಮಾಡಿದ್ದಾನೆ ಅನ್ನಲು ಅವರ ಹತ್ತಿರ ಗಟ್ಟಿ ಕಾರಣವೇ ಇರಲಿಲ್ಲ. ಹಾಗೆ ನಿಲ್ಲಿಸಿದ್ದೇ ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಕೋರ್ಸಿನವರು ಈ ಕಥೆಯನ್ನು ಬಹಳ ಮುತುವರ್ಜಿಯಿಂದ ಹೇಳಿದ್ದಾರೆ, ಮೈ ಬಣ್ಣ ನೋಡಿ ಯಾರನ್ನೋ ನಿಲ್ಲಿಸುವುದನ್ನು ಕಂಡಿರುವ ನಮ್ಮಂಥವರಿಗೆ ಅದು ಮನಸ್ಸಿಗೆ ತಟ್ಟುತ್ತದೆ. ಆದರೆ 2023ರಲ್ಲಿ ಇದೇ ಸೆಕ್ಷನ್ನಿಗೆ ಒಂದು ಹೊಸ ಭಾಗ ಸೇರಿತು. ವಾಹನ ಓಡಿಸುತ್ತಿರುವಾಗ ತಡೆದರೆ, ಡ್ರೈವಿಂಗ್ ಲೈಸೆನ್ಸ್ ತೋರಿಸದೆ ವಿವರವನ್ನೂ ಹೇಳಲು ನಿರಾಕರಿಸಿದರೆ ಅದೂ ಅಪರಾಧ. ಪಾಠದಲ್ಲಿ ಇದು ಬಂದದ್ದು ತುಂಬಾ ತಡವಾಗಿ. ಆ ನಡುವೆ ಓದಿದವರೆಲ್ಲ ಅರ್ಧ ಕಾನೂನು ಕಲಿತು ಹೋದರು.

2025ರ ಜನವರಿ 1ರಿಂದ ಇನ್ನೊಂದು ಬದಲಾವಣೆ. ಬಂಧನ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕೋಡ್ ಆಫ್ ಕ್ರಿಮಿನಲ್ ಪ್ರೊಸೀಜರಿನ ಎರಡನೇ ಅಧ್ಯಾಯಕ್ಕೆ ಹೊಸ ನಂಬರ್ ಬಂತು. ಯಾರು ಯಾರು ಪೀಸ್ ಆಫೀಸರ್ (ಪೊಲೀಸ್ ಅಧಿಕಾರ ಇರುವವರು) ಅಂತ ಹೇಳುವ ಹಳೇ 2.12 ಈಗ 2ಎ.001. ಒಳಗಿನ ಅರ್ಥ ಅದೇ, ನಂಬರ್ ಬೇರೆ. ಪ್ರಶ್ನೆ ಬ್ಯಾಂಕಿನಲ್ಲಿ ಇನ್ನೂ ಹಳೇ ನಂಬರ್ ಇದೆ.

ಬಂಧನದ ಪಾಠ ಚೆನ್ನಾಗಿದೆ. ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರ ಅದೇ ಪ್ರೊಸೀಜರ್ ಕೋಡಿನ 14ನೇ ಅಧ್ಯಾಯದಲ್ಲಿದೆ. ಕಣ್ಣೆದುರು ನಡೆದ ಯಾವ ಅಪರಾಧಕ್ಕೂ ಬಂಧಿಸಬಹುದು ಅನ್ನುವಷ್ಟು ದೊಡ್ಡ ಅಧಿಕಾರ ಅದು. ಆಸ್ಟಿನ್ ಹತ್ತಿರದ ಲಾಗೋ ವಿಸ್ಟಾದಲ್ಲಿ 1997ರಲ್ಲಿ ಮಕ್ಕಳಿಗೆ ಸೀಟ್ ಬೆಲ್ಟ್ ಹಾಕದ ತಾಯಿಗೆ ಕೋಳ ಹಾಕಿ ಜೈಲಿಗೆ ಕರೆದುಕೊಂಡು ಹೋದರು. ಆ ತಪ್ಪಿಗೆ ಇದ್ದ ಅತಿ ಹೆಚ್ಚಿನ ದಂಡ 50 ಡಾಲರ್. 2001ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಅದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದಿತು. ಮಾಡಬಹುದು ಅನ್ನುವುದಕ್ಕೂ ಮಾಡಬೇಕು ಅನ್ನುವುದಕ್ಕೂ ಎಷ್ಟು ದೂರ ಇದೆ ಅಂತ ನಮ್ಮ ಬ್ಯಾಚಿನಲ್ಲಿ ಈ ಕೇಸಿನ ಮೇಲೆ ಒಳ್ಳೆಯ ಚರ್ಚೆಯೇ ಆಯಿತು. ನನ್ನ ಮಟ್ಟಿಗೆ ಆ ಬಂಧನ ಅಧಿಕಾರದ ದುರುಪಯೋಗವೇ.

ಬಲಪ್ರಯೋಗದ ಭಾಗ ಮಾತ್ರ ನಿರಾಶೆ ಮಾಡಿತು. ಪೀನಲ್ ಕೋಡಿನ 9ನೇ ಅಧ್ಯಾಯ ಟೆಕ್ಸಾಸಿನಲ್ಲಿ ಎಷ್ಟು ದೊಡ್ಡ ವಿಷಯ! ರಾತ್ರಿ ಹೊತ್ತಿನ ಕಳ್ಳತನ ತಡೆಯಲು ಕೆಲವು ಷರತ್ತಿನ ಮೇಲೆ ಪ್ರಾಣ ತೆಗೆಯುವಂಥ ಬಲವನ್ನೂ ಸಾಮಾನ್ಯ ಜನ ಬಳಸಬಹುದು ಅನ್ನುವ 9.42 ಇರುವ ರಾಜ್ಯ ಇದು. ಆ ಷರತ್ತುಗಳನ್ನೇ ಒಂದು ಗಂಟೆ ಹೇಳಬೇಕಿತ್ತು, ಒಂದು ಸ್ಲೈಡ್‌ನಲ್ಲಿ ಮುಗಿಸಿದ್ದಾರೆ. ಪೊಲೀಸರಿಗೆ ಸಂಬಂಧಿಸಿದ 9.51ಕ್ಕೂ ಅಷ್ಟೇ ಜಾಗ. ಕುತ್ತಿಗೆ ಒತ್ತಿ ಹಿಡಿಯುವುದಕ್ಕೆ 2021ರಲ್ಲಿ ನಿರ್ಬಂಧ ಬಂತು. ಜೊತೆಯ ಆಫೀಸರ್ ಮಿತಿ ಮೀರಿದರೆ ತಡೆಯುವುದು ನಿಮ್ಮ ಕರ್ತವ್ಯ ಅಂತಲೂ ಅದೇ ಕಾನೂನು ಹೇಳುತ್ತದೆ. ಮಿನ್ನಿಯಾಪೊಲಿಸ್‌ನಲ್ಲಿ ಒಬ್ಬ ಆಫೀಸರ್ ಕುತ್ತಿಗೆ ಮೇಲೆ ಮಂಡಿ ಊರಿ ಜಾರ್ಜ್ ಫ್ಲಾಯ್ಡ್ ಸತ್ತಾಗ ತಡೆಯದೆ ಜೊತೆಗಿದ್ದವರೂ ಪೊಲೀಸರೇ ಅಲ್ವಾ. ಲೈಸೆನ್ಸ್ ಕೇಳುವವನಿಗೆ ಇದಕ್ಕಿಂತ ಮುಖ್ಯವಾದ ಪಾಠ ಯಾವುದಿದೆ? ಇದಕ್ಕೆ ಅಕಾಡೆಮಿಯ ಮೇಷ್ಟ್ರನ್ನೇ ನೆಚ್ಚಿಕೊಳ್ಳಬೇಕಾಯಿತು.

ನಾನು ಕಂಡುಕೊಂಡ ದಾರಿ ಇದು. ಟೆಕ್ಸಾಸ್ ಶಾಸನಸಭೆಯ ವೆಬ್‌ಸೈಟಿನಲ್ಲಿ ಎಲ್ಲಾ ಕೋಡುಗಳೂ ಪುಕ್ಕಟೆ ಸಿಗುತ್ತವೆ. ಪ್ರತಿ ಸೆಕ್ಷನ್ನಿನ ಕೆಳಗೆ ಯಾವ ವರ್ಷ ತಿದ್ದುಪಡಿ ಆಯಿತು, ಯಾವತ್ತಿನಿಂದ ಜಾರಿ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೋರ್ಸಿನ ಪಾಠ ನೋಡುವ ಮುಂಚೆ ಆ ಸಾಲು ಓದಿ. ತಿದ್ದುಪಡಿ ಪಾಠಕ್ಕಿಂತ ಹೊಸದಾದರೆ ಸೆಕ್ಷನ್ನನ್ನೇ ಮೊದಲು ಓದಿ, ವಿಡಿಯೊ ಆಮೇಲೆ. ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಆದರೆ ಕಾನೂನಿನ ಭಾಷೆಯೂ ರೂಢಿ ಆಗುತ್ತದೆ, ಪರೀಕ್ಷೆಯ ಪ್ರಶ್ನೆಗಳೂ ಹೆಚ್ಚು ಕಡಿಮೆ ಅದೇ ಭಾಷೆಯಲ್ಲಿ ಬರುತ್ತವೆ.

ಉಳಿದದ್ದು ಚುಟುಕಾಗಿ. ಆ್ಯಪ್ ಫೋನಿನಲ್ಲಿ ಸಲೀಸಾಗಿ ಓಡುತ್ತದೆ, ಆಡಿಯೊ ಇಳಿಸಿಕೊಂಡು ಕಾರಿನಲ್ಲಿ ಕೇಳಬಹುದು. ಅಣಕು ಪರೀಕ್ಷೆಗಳು ನಿಜವಾದ ಪರೀಕ್ಷೆಗಿಂತ ಸ್ವಲ್ಪ ಕಷ್ಟ, ಅದು ಒಳ್ಳೆಯದೇ. ತಪ್ಪು ಉತ್ತರ ಯಾಕೆ ತಪ್ಪು ಅಂತ ಬರೆದಿರುವುದು ದೊಡ್ಡ ಅನುಕೂಲ. ಗ್ರಾಹಕ ಸೇವೆಗೆ ಬರೆದರೆ ಮರ್ಯಾದೆಯಿಂದ ಉತ್ತರಿಸುತ್ತಾರೆ, ತಿದ್ದುವುದು ನಿಧಾನ. ಅಕಾಡೆಮಿ ಶುರುವಾಗುವ ಎರಡು ಮೂರು ತಿಂಗಳ ಮುಂಚೆ ತಿಂಗಳ ಲೆಕ್ಕದಲ್ಲಿ ಚಂದಾ ತಗೊಳ್ಳಿ, ವರ್ಷದ್ದು ಬೇಡ. ಬೆಸ ವರ್ಷದ ಬೇಸಿಗೆಯಲ್ಲಿ ಸೇರುವವರಾದರೆ ಸೆಪ್ಟೆಂಬರ್ ಪಾಠಗಳು ಯಾವಾಗ ಬರುತ್ತವೆ ಅಂತ ದುಡ್ಡು ಕಟ್ಟುವ ಮುಂಚೆಯೇ ಬರೆದು ಕೇಳಿ. ದಿನಾಂಕ ಹೇಳದಿದ್ದರೆ ಅಕ್ಟೋಬರ್‌ವರೆಗೆ ಕಾಯಿರಿ.